ಟೊಲೆಡೊದ ಪೂರ್ವದ ಗೋಡೆ

ಕೇಳುಗರಿಗೆ ನಮಸ್ಕಾರ. ಸ್ಪೇನಿನ ಟೊಲೆಡೊ ನಗರದಲ್ಲಿ ಎಲ್ ಟ್ರಾನ್ಸಿಟೊ ಎಂಬ ಕಟ್ಟಡವಿದೆ. ಹೆಸರು ಚರ್ಚಿನದು, ಗೋಡೆಯ ಮೇಲಿನ ಅಕ್ಷರಗಳು ಹೀಬ್ರೂ. ಯಹೂದ್ಯರ ಪ್ರಾರ್ಥನಾಮಂದಿರ, ಅಂದರೆ ಸಿನಗಾಗ್, ಮುಂದೆ ಚರ್ಚಾದ ಕಟ್ಟಡ ಇದು. ಇದನ್ನು ಅರಬ್ಬರ ಅರಮನೆ ಎನ್ನುವವರಿದ್ದಾರೆ. ದಯವಿಟ್ಟು ಹಾಗೆನ್ನಬೇಡಿ. ಟೊಲೆಡೊ 1085ರಲ್ಲೇ ಕ್ರೈಸ್ತ ರಾಜರ ಕೈಸೇರಿತ್ತು, ಈ ಕಟ್ಟಡ ಎದ್ದದ್ದು ಅದಾದ ಎಷ್ಟೋ ಕಾಲಕ್ಕೆ.

ಇವತ್ತು ಒಂದೇ ಮಾತು ನೆನಪಿಟ್ಟುಕೊಳ್ಳಿ: ಪೂರ್ವ ದಿಕ್ಕು. ಯಹೂದ್ಯರು ಪ್ರಾರ್ಥಿಸುವುದು ಜೆರುಸಲೇಮಿನ ಕಡೆ ಮುಖಮಾಡಿ, ಸ್ಪೇನಿನವರಿಗೆ ಅದು ಇರುವುದು ಪೂರ್ವಕ್ಕೆ. ಹಾಗಾಗಿ ತೋರಾ, ಅಂದರೆ ಅವರ ಧರ್ಮಗ್ರಂಥದ, ಸುರುಳಿಗಳನ್ನಿಡುವ ಗೂಡು ಪೂರ್ವದ ಗೋಡೆಯಲ್ಲಿ. ಚರ್ಚಿನ ಬಲಿಪೀಠಕ್ಕೂ ಪೂರ್ವವೇ ರೂಢಿ. ಕಟ್ಟಡವನ್ನು ಒಡೆದು ತಿರುಗಿಸುವ ಕೆಲಸವೇ ಬರಲಿಲ್ಲ.

ಕಟ್ಟಿಸಿದವನು ಸಾಮ್ಯುಯೆಲ್ ಹಲೇವಿ, ಸ್ಪೇನಿನ ಅಂದಿನ ರಾಜ್ಯ ಕ್ಯಾಸ್ಟೈಲಿನ ರಾಜ ಪೆದ್ರೋನ ಖಜಾನೆ ನೋಡಿಕೊಳ್ಳುತ್ತಿದ್ದ ಯಹೂದಿ. ಹೊಸ ಸಿನಗಾಗ್ ಕಟ್ಟಲು ಆಗ ರಾಜನ ಅಪ್ಪಣೆ ಬೇಕು, ಇವನಿಗೆ ಸಿಕ್ಕಿತು. 1357ರ ಸುಮಾರಿಗೆ ಪ್ರಾರ್ಥನಾಂಗಣ ಎದ್ದು ನಿಂತಿತು. ಉದ್ದ ಸುಮಾರು 23 ಮೀಟರ್, ಅಗಲ ಒಂಬತ್ತೂವರೆ, ಎತ್ತರ 12. ಮೇಲೆ ಕೆತ್ತಿದ ಮರದ ಚಾವಣಿ, ದಕ್ಷಿಣಕ್ಕೆ ಹೆಂಗಸರು ಕೂರುವ ಮೇಲಂತಸ್ತು. ಗೋಡೆಗೆ ಜಿಪ್ಸಂ ಗಾರೆ ಮೆತ್ತಿ, ಅದು ಹಸಿಯಿರುವಾಗಲೇ ಬಳ್ಳಿ, ಎಲೆ, ಕೀರ್ತನೆಯ ಸಾಲುಗಳನ್ನು ಕೊರೆದರು. ಕೈ ತಡವಾದರೆ ಗಾರೆ ಗಟ್ಟಿಯಾಗಿ ಅಂಚು ಒಡೆಯುತ್ತದೆ. ಈ ಸೊಗಸನ್ನು ಸಾಮ್ಯುಯೆಲ್ ಬಹಳ ದಿನ ಕಾಣಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ರಾಜ ಅವನನ್ನು ಬಂಧಿಸಿದ, ಆಸ್ತಿ ಕಿತ್ತುಕೊಂಡ. ಸೆವಿಲ್‌ನಲ್ಲಿ ಚಿತ್ರಹಿಂಸೆಯಲ್ಲೇ ಅವನ ಜೀವ ಹೋಯಿತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಹೊತ್ತು ಕಡಿಮೆಯಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1492ರಲ್ಲಿ ಯಹೂದ್ಯರನ್ನು ದೇಶದಿಂದಲೇ ಹೊರಹಾಕಿದರು. 1494ರಲ್ಲಿ ಕಟ್ಟಡ ಕಲಾತ್ರಾವಾ ಎಂಬ ಕ್ರೈಸ್ತ ಧಾರ್ಮಿಕ ಪಂಗಡದ ಯೋಧರಿಗೆ ಹೋಗಿ, ಸಂತ ಬೆನಿತೋನ ಚರ್ಚಾಯಿತು. ಬಲಿಪೀಠ ಎಲ್ಲಿ? ಅದೇ ಪೂರ್ವಕ್ಕೆ! ಯೋಧರನ್ನು ನೆಲದಡಿ ಹೂಳಿದರು. ಮೇರಿಮಾತೆಯ ಮರಣದ ಚಿತ್ರವೊಂದು ಇಲ್ಲಿಗೆ ಬಂತು. ಟ್ರಾನ್ಸಿಟೊ ಎಂಬ ಹೆಸರು ಅದರದು. ನೆಪೋಲಿಯನ್ ಯುದ್ಧದಲ್ಲಿ ಸೈನಿಕರೂ ಇಲ್ಲಿ ಬೀಡುಬಿಟ್ಟರು. ಜಿಪ್ಸಮ್ಮಿಗೆ ನೀರೇ ಶತ್ರು. ಚಾವಣಿ ಸೋರಿದರೆ ಮೊದಲು ಕರಗುವುದು ಅಕ್ಷರವೇ. 1877ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಈಗ ಇಲ್ಲಿರುವುದು ಸ್ಪೇನಿನ ಯಹೂದ್ಯರ ವಸ್ತುಸಂಗ್ರಹಾಲಯ.

ಒಳಗೆ ಹೋದವರು ಮೊದಲು ಪೂರ್ವಕ್ಕೆ ಮುಖಮಾಡಿ ನಿಲ್ಲಿ. ಗೂಡಿನ ಅಕ್ಕಪಕ್ಕದ ಹೀಬ್ರೂ ಬರಹದಲ್ಲಿ ಸಾಮ್ಯುಯೆಲ್‌ನ ಹೆಸರಿದೆ, ರಾಜ ಪೆದ್ರೋನ ಹೊಗಳಿಕೆಯೂ ಇದೆ. ನಮಸ್ಕಾರ.