ಹಾವೇರಿಗಿಂತ ಕಮ್ಮಿ ಜನರ ದೇಶ, ಆದರೂ ಲೆಕ್ಕ ಹಾಕಿಯೇ ಹೆಜ್ಜೆ

ನಮಸ್ಕಾರ. ಇವತ್ತು ಎಸ್ಟೋನಿಯಾ ಬಗ್ಗೆ ಮಾತಾಡೋಣ. ಬಾಲ್ಟಿಕ್ ಸಮುದ್ರದ ದಂಡೆಯ ಪುಟ್ಟ ದೇಶ. ಜನ ಸುಮಾರು 13 ಲಕ್ಷ. ನಮ್ಮ ಹಾವೇರಿ ಜಿಲ್ಲೆಯಲ್ಲೇ ಇದಕ್ಕಿಂತ ಜಾಸ್ತಿ ಜನ ಇದ್ದಾರೆ. ಆದರೂ ಇಂಟರ್ನೆಟ್‌ನಲ್ಲಿ ಕರೆ ಮಾಡಲು 2003ರಲ್ಲಿ ಬಂದ ಸ್ಕೈಪ್‌ನ ಕೋಡ್ ಬರೆದವರು ಅಲ್ಲಿನ ರಾಜಧಾನಿ ಟ್ಯಾಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಎಂಜಿನಿಯರುಗಳು.

ಇದಕ್ಕೆಲ್ಲ 'ಟೈಗರ್ ಲೀಪ್' ಯೋಜನೆಯೇ ಕಾರಣ ಅಂತ ತುಂಬಾ ಜನ ಹೇಳುತ್ತಾರೆ. 1996ರಲ್ಲಿ ಘೋಷಣೆಯಾಯಿತು, ಶಾಲೆಶಾಲೆಗೂ ಕಂಪ್ಯೂಟರ್, ಇಂಟರ್ನೆಟ್ ಬಂತು. ಒಳ್ಳೆಯ ಕೆಲಸವೇ. ಆದರೆ ಸ್ಕೈಪ್ ಕಟ್ಟಿದ ಆ ಎಂಜಿನಿಯರುಗಳು ಅಷ್ಟೊತ್ತಿಗಾಗಲೇ ಶಾಲೆ ಮುಗಿಸಿದ್ದರು! ಸುಮ್ನೆ ಕಂಪ್ಯೂಟರ್ ಹಂಚಿದರೆ ಉದ್ಯೋಗ ಹುಟ್ಟುವುದಿಲ್ಲ ಅಲ್ವಾ?

ನನಗೆ ಹಿಡಿಸಿದ್ದು ಆಮೇಲಿನ ಕಥೆ. ಅಲ್ಲಿ 'ಓಸ್ಕಾ' ಅಂತ ಒಂದು ವ್ಯವಸ್ಥೆ ಇದೆ. ಒಂದೊಂದೇ ಕ್ಷೇತ್ರ ಎತ್ತಿಕೊಳ್ಳುತ್ತಾರೆ. ಕಂಪನಿಯವರು, ಪಾಠ ಹೇಳುವವರು, ಸರ್ಕಾರದವರು ಒಟ್ಟಿಗೆ ಕೂರುತ್ತಾರೆ. ಈಗ ಎಷ್ಟು ಜನ ಕೆಲಸದಲ್ಲಿದ್ದಾರೆ, ಎಷ್ಟು ಜನ ನಿವೃತ್ತರಾಗುತ್ತಾರೆ, ಕಾಲೇಜಿಂದ ಎಷ್ಟು ಮಂದಿ ಹೊರಬರುತ್ತಾರೆ, ಮುಂದಿನ ವರ್ಷಗಳಲ್ಲಿ ಯಾವ ಕೆಲಸ ಬರುತ್ತೆ, ಎಲ್ಲವನ್ನೂ ಲೆಕ್ಕ ಹಾಕುತ್ತಾರೆ. ಲೆಕ್ಕ ತಪ್ಪಬಹುದು. ತಂತ್ರಜ್ಞಾನದಲ್ಲಂತೂ ಖಂಡಿತ ತಪ್ಪುತ್ತೆ. ಆದರೆ ಪುಟ್ಟ ದೇಶದಲ್ಲಿ ಐನೂರು ಜನ ಬೇಡದ ಕೋರ್ಸ್ ಓದಿ ಕೂತರೂ ಅದು ದೊಡ್ಡ ಪೆಟ್ಟು. ಅದಕ್ಕೇ ಅವರು ಮೊದಲು ಕೇಳುತ್ತಾರೆ, ಆಮೇಲೆ ಸೀಟು ತೆರೆಯುತ್ತಾರೆ. ನನಗೆ ಇದೇ ಸರಿ ಅನ್ನಿಸುತ್ತೆ.

ಇನ್ನೊಂದು ಜಾಗ ನೋಡಿ. ಯೋಹ್ವಿ ಅಂತ ಸಣ್ಣ ಊರು, ದೇಶದ ಈಶಾನ್ಯ ಮೂಲೆಯಲ್ಲಿ. ಸುತ್ತಮುತ್ತ ಆಯಿಲ್ ಶೇಲ್ ಅನ್ನುವ ಉರಿಯುವ ಕಲ್ಲಿನ ಗಣಿ. ಅದನ್ನೇ ಸುಟ್ಟು ಕರೆಂಟ್ ಮಾಡುತ್ತಿದ್ದರು. ಆ ಕೆಲಸ ಕರಗುತ್ತಾ ಬಂತು. ಅಲ್ಲಿ 2021ರಲ್ಲಿ ಒಂದು ಕೋಡಿಂಗ್ ಶಾಲೆ ಶುರುವಾಯಿತು. ಸ್ಟಾರ್ಟಪ್ ಕಟ್ಟಿ ಗೆದ್ದವರೇ ದುಡ್ಡು ಹಾಕಿದರು. ಅಲ್ಲಿ ಮೇಷ್ಟ್ರಿಲ್ಲ, ಲೆಕ್ಚರ್ ಇಲ್ಲ. ಒಂದು ಕೆಲಸ ಕೊಡುತ್ತಾರೆ. ನೀನು ಕೋಡ್ ಬರೆಯಬೇಕು, ಪಕ್ಕದವರು ಬಂದು ನೋಡುತ್ತಾರೆ, 'ಈ ಸಾಲು ಯಾಕೆ?' ಅಂತ ಕೇಳುತ್ತಾರೆ, ನೀನು ಬಾಯಿಬಿಟ್ಟು ವಿವರಿಸಬೇಕು. ಕಂಪನಿಯಲ್ಲಿ ದಿನಾ ನಡೆಯುವುದೂ ಇದೇ ತಾನೇ? ನಮ್ಮಲ್ಲಿ ಎಷ್ಟೋ ಮಕ್ಕಳು ಅದನ್ನು ಮೊದಲ ಸಲ ಎದುರಿಸುವುದು ಇಂಟರ್ವ್ಯೂನಲ್ಲಿ. ಅಲ್ಲಿ ತಡವರಿಸಿದರೆ ಬುದ್ಧಿ ಕಮ್ಮಿ ಅಂತ ಅಲ್ಲ. ಅಭ್ಯಾಸವನ್ನೇ ಯಾರೂ ಮಾಡಿಸಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಮತ್ತೆ ಹಾವೇರಿಗೇ ಬರುತ್ತೇನೆ. ಅದೇ ಜಿಲ್ಲೆಯ ಬ್ಯಾಡಗಿಯಲ್ಲಿ ಎಷ್ಟು ದೊಡ್ಡ ಮೆಣಸಿನಕಾಯಿ ಮಾರುಕಟ್ಟೆ ಇದೆ! ಚೀಲ ಚೀಲ ಕಾಯಿ, ಸಾಲು ಸಾಲು ಕೋಲ್ಡ್ ಸ್ಟೋರೇಜ್. ಅಲ್ಲಿ ಸೆನ್ಸರ್ ನೋಡಿಕೊಳ್ಳುವವರು ಎಷ್ಟು ಜನ ಬೇಕು, ದಾಸ್ತಾನಿನ ಸಾಫ್ಟ್‌ವೇರ್ ಬರೆಯುವವರು ಎಷ್ಟು ಜನ ಬೇಕು? ಮುಂದಿನ ವರ್ಷದ ಸೀಟು ತೆರೆಯುವ ಮೊದಲು ಯಾರಾದರೂ ಆ ಮಂಡಿಗೆ ಹೋಗಿ ವರ್ತಕರ ಜೊತೆ ಕೂತು ಕೇಳಲಿ.