ಮೆಸೇಜು ಬರೆದರೆ ಮಕ್ಕಳ ಭಾಷೆ ಕೆಡುತ್ತದೆಯೇ?

ಕೇಳುಗರಿಗೆ ನಮಸ್ಕಾರ. ಮೊಬೈಲಿನಲ್ಲಿ ಮೆಸೇಜು ಬರೆದೂ ಬರೆದೂ ಮಕ್ಕಳ ಭಾಷೆ ಕೆಟ್ಟುಹೋಯಿತು ಎಂದು ತಂದೆತಾಯಂದಿರು ಹೇಳುತ್ತಾರೆ, ಮೇಷ್ಟ್ರುಗಳೂ ಹೇಳುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು: ಪದ ಗೊತ್ತಿಲ್ಲದವರಿಗೆ ಅದನ್ನು ಮೊಟಕು ಮಾಡಲು ಬರುವುದಿಲ್ಲ.

ನಿಮ್ಮ ಮಗಳು ಇಂಗ್ಲಿಷಿನ 'ಲೇಟರ್' ಎಂಬುದನ್ನು ಎಲ್, 8, ಆರ್ ಎಂದು ಬರೆಯುತ್ತಾಳೆ. ನೀವು ಸೋಮಾರಿತನ ಅನ್ನುತ್ತೀರಿ. ಆದರೆ ಎಂಟು ಎಂಬ ಅಂಕಿಯ ಇಂಗ್ಲಿಷ್ ಉಚ್ಚಾರ ಆ ಪದದ ನಡುವೆ ಕೇಳಿಸುತ್ತದೆ ಎಂಬುದನ್ನು ಅವಳ ಕಿವಿ ಹಿಡಿದಿದೆಯಲ್ಲ! ಪದವನ್ನು ಧ್ವನಿಗಳಾಗಿ ಬಿಡಿಸುವ ಈ ಶಕ್ತಿಯೇ ಓದು ಕಲಿಯುವುದಕ್ಕೆ ಬುನಾದಿ.

ನನಗೆ ಬಹಳ ಇಷ್ಟವಾದ ಒಂದು ಪ್ರಯೋಗವಿದೆ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಇಂಗ್ಲೆಂಡಿನ ಕೊವೆಂಟ್ರಿ ವಿಶ್ವವಿದ್ಯಾಲಯದ ಕ್ಲೇರ್ ವುಡ್ ಮತ್ತು ಸಂಗಡಿಗರು ಒಂಬತ್ತು–ಹತ್ತು ವರ್ಷದ 114 ಮಕ್ಕಳನ್ನು ಆರಿಸಿಕೊಂಡರು. ಯಾರ ಬಳಿಯೂ ಸ್ವಂತ ಮೊಬೈಲ್ ಇರಲಿಲ್ಲ, ಅದೇ ಇದರ ಸೊಗಸು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿನ ಕೈಗೆ ಫೋನ್ ಕೊಟ್ಟು, ಹತ್ತು ವಾರ, ರಜಾದಿನಗಳಲ್ಲಿ ಮೆಸೇಜು ಬರೆಯಲು ಬಿಟ್ಟರು. ಇನ್ನೊಂದು ಗುಂಪಿಗೆ ಫೋನಿಲ್ಲ. ಮೊದಲೂ ಪರೀಕ್ಷೆ, ಕೊನೆಗೂ ಪರೀಕ್ಷೆ. ಫೋನ್ ಹಿಡಿದ ಮಕ್ಕಳು ಓದಿನಲ್ಲಿ ಹಿಂದೆ ಬಿದ್ದರೇ? ಇಲ್ಲ. ಸ್ಪೆಲ್ಲಿಂಗಿನಲ್ಲಿ? ಅಲ್ಲೂ ಇಲ್ಲ. ಅಷ್ಟೇ ಅಲ್ಲ, ಮೆಸೇಜು ಬರೆದವರಲ್ಲಿ ಹೆಚ್ಚು ಮೊಟಕು ರೂಪ ಬಳಸಿದ ಮಕ್ಕಳ ಸ್ಪೆಲ್ಲಿಂಗ್ ಇನ್ನೂ ಚೆನ್ನಾಗಿತ್ತು. ಮತ್ತೆ ಹೇಳುತ್ತೇನೆ: ಪದ ಗೊತ್ತಿದ್ದವರೇ ಅದನ್ನು ಮೊಟಕು ಮಾಡುವುದು.

ಇನ್ನು ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಮೊಟಕು ಬರಹ ಮೊಬೈಲಿನ ಜೊತೆ ಹುಟ್ಟಿದ್ದಲ್ಲ. ಹುಡುಗರು ಇವತ್ತು 'ಓ ಮೈ ಗಾಡ್' ಎನ್ನಲು ಬರೆಯುವ ಓ.ಎಂ.ಜಿ.ಯನ್ನು ಬ್ರಿಟನ್ನಿನ ನೌಕಾ ಸೇನಾಧಿಪತಿ ಫಿಶರ್ 1917ರಲ್ಲೇ ಚರ್ಚಿಲ್ಲರಿಗೆ ಬರೆದ ಪತ್ರದಲ್ಲಿ ಬಳಸಿದ್ದರು. ಆಗ ಅವರಿಗೆ 76 ವರ್ಷ! ಮೊದಲ ಮೊಬೈಲ್ ಸಂದೇಶ ಹೋದದ್ದು 1992ರಲ್ಲಿ. ಒಂದು ಸಂದೇಶಕ್ಕೆ 160 ಅಕ್ಷರಗಳ ಮಿತಿ ಇದ್ದಾಗ ಮೊಟಕು ಮಾಡದೆ ಇನ್ನೇನು ಮಾಡುವುದು? ಕೆನಡಾದ ಟೊರಾಂಟೊದಲ್ಲಿ ಹದಿಹರೆಯದವರ ಚಾಟ್ ಬರಹವನ್ನು ಲೆಕ್ಕ ಹಾಕಿದಾಗ ಇಂಥ ರೂಪಗಳು ನೂರಕ್ಕೆ ಮೂರು ಪದವೂ ಇರಲಿಲ್ಲ.

ಉತ್ತರಪತ್ರಿಕೆಯಲ್ಲಿ ಅಂಥ ಬರಹ ಕಂಡರೆ ಮೇಷ್ಟ್ರು ಖಂಡಿತ ತಿದ್ದಬೇಕು, ಎಲ್ಲಿ ಹೇಗೆ ಬರೆಯಬೇಕೆಂದು ಕಲಿಸಬೇಕು. ಅದಕ್ಕೆ ಫೋನನ್ನು ಬೈಯಬೇಕಾಗಿಲ್ಲ. ಮಕ್ಕಳು ಓದುತ್ತಿಲ್ಲ ಎಂಬುದು ನಿಮ್ಮ ಚಿಂತೆಯಾದರೆ ಅದು ಬೇರೆ ವಿಷಯ, ದೊಡ್ಡ ವಿಷಯ. ಅದಕ್ಕೆ ಈಗ ಸಮಯವಿಲ್ಲ. ನಮಸ್ಕಾರ.