ಬೆಳಗ್ಗೆ ಘಟ್ಟದ ಮೇಲೆ, ಮಧ್ಯಾಹ್ನ ಘಟ್ಟದ ಕೆಳಗೆ: ಶ್ರೀಲಂಕಾ ನೋಡುವ ಬಗೆ

ನಮಸ್ಕಾರ. ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಕೊಲಂಬೊದಿಂದ ಬೆಟ್ಟದ ಮೇಲಿನ ಊರು ನುವರ ಎಲಿಯಕ್ಕೆ ರಸ್ತೆಯಲ್ಲಿ ಐದು ಗಂಟೆ. ಈ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದವರು ಆರು ದಿನಕ್ಕೆ ಇಡೀ ದ್ವೀಪ ತೋರಿಸುವ ಪ್ಯಾಕೇಜ್ ತಗೊಳ್ಳುವುದಿಲ್ಲ. ಶ್ರೀಲಂಕಾ ಭೂಪಟದಲ್ಲಿ ಚಿಕ್ಕದು, ಕರ್ನಾಟಕದ ಮೂರನೇ ಒಂದು ಭಾಗ. ಆದರೆ ನಡುವೆ ಬೆಟ್ಟ ಎದ್ದು ನಿಂತಿದೆ, ದಾರಿಯೆಲ್ಲ ತಿರುವು. ಅಲ್ಲಿ 30 ಕಿಲೋಮೀಟರಿಗೆ ಒಂದು ಗಂಟೆ ಹಿಡಿದರೆ ಮಾತ್ರ ಲೆಕ್ಕ ಕೂಡುತ್ತದೆ. ಸಿಗಿರಿಯ, ಕ್ಯಾಂಡಿ, ನುವರ ಎಲಿಯ, ಎಲ್ಲ ಎಂಬ ಊರು, ಯಾಲ, ಗಾಲೆ ಎಂದು ಸುತ್ತಿ ಬಂದವರು ನೋಡಿದ್ದು ಬಹುಪಾಲು ವ್ಯಾನಿನ ಕಿಟಕಿಯನ್ನು.

ಹಾಗಾಗಿ ಇವತ್ತು ಹೇಳಬೇಕಾದದ್ದು ಒಂದೇ ಮಾತು. ಪ್ರಕೃತಿ ನೋಡಲಿಕ್ಕೆ ಹೋಗುವುದಾದರೆ ಇಡೀ ದ್ವೀಪ ಬಿಡಿ, ದ್ವೀಪದ ಒಂದು ಘಟ್ಟ ನೋಡಿ. ಮಧ್ಯದ ಎತ್ತರದ ನಾಡು ದಕ್ಷಿಣಕ್ಕೆ ಒಮ್ಮೆಲೇ ಮುರಿದು ಬೀಳುವ ಅಂಚು ಅದು. ಅದರ ಪಶ್ಚಿಮದ ತುದಿಯಲ್ಲಿ ಹಾರ್ಟನ್ ಪ್ಲೇನ್ಸ್‌ನ ವರ್ಲ್ಡ್ಸ್ ಎಂಡ್ ಎಂಬ ಪ್ರಪಾತ, ಅದರ ಪಕ್ಕಕ್ಕೇ ಬಂಬರಕಂದ ಜಲಪಾತ, ನಡುವೆ ಹಪುತಲೆ ಪೇಟೆ, ಪೂರ್ವಕ್ಕೆ ದಿಯಲುಮ ಜಲಪಾತ. ನೇರ ಗೆರೆ ಎಳೆದರೆ ಎಲ್ಲ ಸೇರಿ 30 ಕಿಲೋಮೀಟರಿನೊಳಗೆ ಬರುತ್ತದೆ. ಘಟ್ಟದ ಮೇಲಿನವರು, ಘಟ್ಟದ ಕೆಳಗಿನವರು ಎಂದು ಮಾತಾಡಿಯೇ ಬೆಳೆದ ನಮಗೆ ಈ ಜಾಗ ಬೇಗ ಅರ್ಥವಾಗುತ್ತದೆ. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ನಿಂತು ಕೆಳಗೆ ನೋಡಿದವರಿಗೆ ಇದರ ವ್ಯಾಕರಣ ಗೊತ್ತಿರುವುದೇ.

ಮೊದಲು ಮೇಲಿನದ್ದು. ಹಾರ್ಟನ್ ಪ್ಲೇನ್ಸ್ 2,100 ಮೀಟರಿಗೂ ಎತ್ತರದಲ್ಲಿರುವ ಹುಲ್ಲುಗಾವಲು. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್, ಅಂದರೆ ಅಲ್ಲಿ ನಡೆಯುವ ನೆಲವೇ ನಮ್ಮ ಅತಿ ಎತ್ತರದ ಶಿಖರಕ್ಕಿಂತ ಮೇಲಿದೆ. ಸಿಂಹಳದಲ್ಲಿ ಇದರ ಹೆಸರು ಮಹಾ ಎಲಿಯ. ಹಾರ್ಟನ್ ಎನ್ನುವುದು 1831ರಿಂದ 1837ರವರೆಗೆ ಅಲ್ಲಿ ಗವರ್ನರ್ ಆಗಿದ್ದ ವಿಲ್ಮಟ್ ಹಾರ್ಟನ್‌ನ ಹೆಸರು. 1988ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾಯಿತು, 2010ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮಹಾವೇಲಿ, ಕೆಲಣಿ, ವಲವೆ, ಈ ಮೂರೂ ನದಿಗಳಿಗೆ ಇಲ್ಲಿಂದ ನೀರು ಹೋಗುತ್ತದೆ.

ಬಾಬಾಬುಡನ್‌ಗಿರಿಯ ಶೋಲಾ ಕಾಡು ನೋಡಿದವರಿಗೆ ಇಲ್ಲಿ ಗುರುತು ಸಿಗುತ್ತದೆ. ಗುಡ್ಡದ ಬೆನ್ನಿಗೆ ಹುಲ್ಲು, ಇಳಿಜಾರಿನ ಮಡಿಲಲ್ಲಿ ಕುಳ್ಳಗಿನ ಒತ್ತು ಕಾಡು. ಮರಗಳ ನೆತ್ತಿ ಕೊಡೆಯಂತೆ ಚಪ್ಪಟೆ, ಕೊಂಬೆಗಳ ಮೇಲೆ ಗಡ್ಡದಂಥ ಕಲ್ಲುಹೂವು. ನಡುನಡುವೆ ಕೆಂಪು ಹೂವಿನ ರೋಡೋಡೆಂಡ್ರನ್. ಕಾಡಿನ ಅಂಚಿನ ಗಿಡಗಳಲ್ಲಿ ನಿಧಾನವಾಗಿ ಕಣ್ಣಾಡಿಸಿದರೆ ಮೂಗಿನ ಮೇಲೆ ಕೊಂಬಿರುವ ಓತಿ ಸಿಗಬಹುದು. ಅದು ಶ್ರೀಲಂಕಾದ ಬೆಟ್ಟ ಬಿಟ್ಟು ಬೇರೆಲ್ಲೂ ಇಲ್ಲ. ನಮ್ಮ ತುಮಕೂರು ಕಡೆಯ ಕಾಡುಪಾಪದ ದಾಯಾದಿಯೊಂದು ಈ ಕಾಡಿನಲ್ಲಿದೆ. ಚಳಿಗೆಂದು ದಪ್ಪ ರೋಮ ಬೆಳೆಸಿಕೊಂಡ, ಕಾಲು ಗಿಡ್ಡಗಿರುವ ಜೀವ. ಅದರ ಫೋಟೋ ಮೊದಲ ಬಾರಿಗೆ ಹೊರಬಂದದ್ದು 2010ರಲ್ಲಿ. ಅದು ರಾತ್ರಿಯ ಪ್ರಾಣಿ, ಕಾಣುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ. ಆದರೆ ಅದು ಬದುಕುವ ಕಾಡಿನೊಳಗೆ ನಡೆಯುತ್ತಿದ್ದೇವೆ ಎಂದು ತಿಳಿದಿದ್ದರೆ ಹೆಜ್ಜೆಯ ಸದ್ದು ತಾನಾಗಿ ತಗ್ಗುತ್ತದೆ.

ಸುತ್ತಮುತ್ತ ಎಲ್ಲ ಕಡೆ ಚಹಾ ತೋಟ ಇರುವಾಗ ಈ ಕಾಡು ಹೇಗೆ ಉಳಿಯಿತು? 1873ರಲ್ಲಿ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಕೊಟ್ಟ ಸಲಹೆ ಅದಕ್ಕೆ ಕಾರಣ. 5,000 ಅಡಿಗಿಂತ ಮೇಲಿನ ಕಾಡನ್ನು ಮುಟ್ಟಬೇಡಿ ಎಂದು ಹೇಳಿದರು, ಸರ್ಕಾರ ಕೇಳಿತು. ಆ ಗೆರೆಯ ಕೆಳಗಿನದ್ದು ಮೊದಲು ಕಾಫಿ ತೋಟವಾಯಿತು. 1869ರಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಕಾಫಿಯನ್ನು ಮುಗಿಸಿದ ಮೇಲೆ ಚಹಾ ಬಂತು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರಿಗೆ ಇಂದಿಗೂ ನಿದ್ದೆ ಕೆಡಿಸುವ ರೋಗ ಅದೇ.

ಈಗ ವರ್ಲ್ಡ್ಸ್ ಎಂಡ್. ಹುಲ್ಲುಗಾವಲಿನಲ್ಲಿ ನಡೆಯುತ್ತ ನಡೆಯುತ್ತ ನೆಲ ಮುಗಿದುಹೋಗುತ್ತದೆ. ಕೆಳಗೆ ಸುಮಾರು 870 ಮೀಟರ್ ಆಳ. ಬುಡದಲ್ಲಿ ಒಂದು ಚಹಾ ತೋಟ, ಅದರ ಕಾರ್ಮಿಕರ ಪುಟ್ಟ ಲೈನ್ ಮನೆಗಳು. ಅದರಾಚೆ ಬಯಲು. ತೀರಾ ತಿಳಿಯಾದ ದಿನ ದಕ್ಷಿಣದ ಕಡಲೂ ಗೆರೆಯಾಗಿ ಕಾಣುತ್ತದೆ. ಅಷ್ಟು ದೂರ ಹೋಗಿ ಬಹಳ ಜನ ನೋಡಿ ಬರುವುದು ಮಾತ್ರ ಬಿಳಿ ಗೋಡೆಯನ್ನು. ಅದು ದುರದೃಷ್ಟವಲ್ಲ, ತಡವಾಗಿ ಎದ್ದದ್ದರ ಫಲ. ಬಿಸಿಲೇರಿದಂತೆ ಕೆಳಗಿನ ಬಯಲು ಕಾಯುತ್ತದೆ. ಕಾದ ಗಾಳಿ ಈ ಗೋಡೆಗೆ ಒತ್ತಿಕೊಂಡು ಮೇಲೇರುತ್ತದೆ. ಮೋಡ ಕಟ್ಟುವ ಮೊದಲು ಗಾಳಿ ಸಾವಿರ ಮೀಟರ್ ಏರಿದರೆ ಸುಮಾರು 10 ಡಿಗ್ರಿ ತಣಿಯುತ್ತದೆ. ತಣಿದ ಗಾಳಿಯಲ್ಲಿನ ತೇವ ಹನಿಗಟ್ಟುತ್ತದೆ, ಅಂಚಿನಲ್ಲಿ ಮೋಡ ನಿಲ್ಲುತ್ತದೆ. ಒಳ್ಳೆಯ ದಿನಗಳಲ್ಲೂ ಇದು ಒಂಬತ್ತು, ಹತ್ತು ಗಂಟೆಗೆ ಶುರು. ಆಮೇಲೆ ಎಷ್ಟು ಕಾದರೂ ಪ್ರಯೋಜನ ಕಡಿಮೆ.

ಆದ್ದರಿಂದ ಗಡಿಯಾರದ ಲೆಕ್ಕ ಕೇಳಿ. ಗೇಟ್ ತೆರೆಯುವುದು ಬೆಳಗ್ಗೆ ಆರಕ್ಕೆ. ಟಿಕೆಟ್ ಸಾಲಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ನಡಿಗೆ ಶುರುವಾಗುವ ಫಾರ್ ಇನ್‌ನಿಂದ ವರ್ಲ್ಡ್ಸ್ ಎಂಡ್‌ಗೆ 4 ಕಿಲೋಮೀಟರ್, ಅಲ್ಲಿಂದ ಬೇಕರ್ಸ್ ಫಾಲ್ಸ್‌ಗೆ 2, ಮತ್ತೆ ವಾಪಸ್ 3.5. ಒಟ್ಟು ಒಂಬತ್ತೂವರೆ ಕಿಲೋಮೀಟರಿನ ಸುತ್ತು, ಮೂರರಿಂದ ನಾಲ್ಕು ಗಂಟೆ. ಜಲಪಾತವನ್ನು ಮೊದಲು ನೋಡಿಬಿಡೋಣ ಎಂದು ಆ ಕಡೆಯಿಂದ ಹೋಗುವವರು ಇದ್ದಾರೆ. ಹಾಗೆ ಮಾಡಬೇಡಿ. ಜಲಪಾತ ಮಧ್ಯಾಹ್ನವೂ ಅಲ್ಲೇ ಇರುತ್ತದೆ, ನೋಟ ಇರುವುದಿಲ್ಲ. ದಾರಿಯಲ್ಲಿ ಮೊದಲು ಸಿಗುವುದು ಮಿನಿ ವರ್ಲ್ಡ್ಸ್ ಎಂಡ್, ಅದರ ಆಳ ತುಂಬ ಕಡಿಮೆ. ಅಲ್ಲೇ ಫೋಟೋಗೆಂದು ಅರ್ಧ ಗಂಟೆ ಕಳೆದರೆ ಮುಂದಿನದ್ದಕ್ಕೆ ಮೋಡ ಬಂದಿರುತ್ತದೆ. ಎಂಟರೊಳಗೆ ದೊಡ್ಡ ಅಂಚಿನಲ್ಲಿ ಇರಬೇಕು.

ಅಂಚಿನ ಉದ್ದಕ್ಕೂ ಕಟಕಟೆ ಇಲ್ಲ. ರಾತ್ರಿಯ ಇಬ್ಬನಿಗೆ ಮಣ್ಣು ಜಾರುತ್ತದೆ. ಫೋಟೋ ತೆಗೆಯುವವರು ಹಿಂದೆ ಹಿಂದೆ ಸರಿಯಬಾರದು. ಮಕ್ಕಳ ಕೈ ಬಿಡಬಾರದು. ಅಡಿ ಸವೆದ ಶೂ ಬೇಡ. ಜನವರಿ, ಫೆಬ್ರವರಿಯಲ್ಲಿ ಬೆಳಗಿನ ಜಾವ ಹುಲ್ಲಿನ ಮೇಲೆ ಹಿಮದ ಪದರು ಕೂರುವಷ್ಟು ಚಳಿ. ಉಷ್ಣವಲಯದ ದೇಶ ಎಂದು ಹತ್ತಿಯ ಟೀ ಶರ್ಟ್ ಒಂದರಲ್ಲಿ ಬಂದವರು ಗೇಟಿನಲ್ಲೇ ನಡುಗುತ್ತಾರೆ. ಒಂದು ಸ್ವೆಟರ್, ಮೇಲೆ ಗಾಳಿ ತಡೆಯುವ ಜಾಕೆಟ್, ತಲೆಗೆ ಟೋಪಿ. ಅದೇ ಟೋಪಿ ಎಂಟು ಗಂಟೆಯ ನಂತರ ಬಿಸಿಲಿಗೂ ಬೇಕು, ಆ ಎತ್ತರದ ಬಿಸಿಲಿಗೆ ಮುಖ ಸುಡುತ್ತದೆ.

ಬಾಗಿಲಲ್ಲಿ ಚೀಲ ತಪಾಸಣೆ ಇರುತ್ತದೆ. ಪ್ಲಾಸ್ಟಿಕ್ ಕವರ್, ಬಿಸ್ಕತ್ತಿನ ಹೊದಿಕೆ, ನೀರಿನ ಬಾಟಲಿಯ ಲೇಬಲ್ ಕೂಡ ಕಿತ್ತು ಇಟ್ಟುಕೊಳ್ಳುತ್ತಾರೆ. ಸಿಟ್ಟಾಗಬೇಡಿ. ಪ್ರವಾಸಿಗರು ಎಸೆದ ಪ್ಲಾಸ್ಟಿಕ್ ತಿಂದು ಅಲ್ಲಿನ ಕಡವೆಗಳು ಸತ್ತಿವೆ. ಸ್ಟೀಲ್ ಬಾಟಲಿಯಲ್ಲಿ ತಲೆಗೆ ಒಂದು ಲೀಟರ್ ನೀರು, ಡಬ್ಬಿಯಲ್ಲಿ ಬುತ್ತಿ ಒಯ್ದರೆ ತಕರಾರೇ ಇಲ್ಲ. ವಾಹನ ನಿಲ್ಲಿಸುವ ಜಾಗದಲ್ಲಿ ಕಡವೆಯೊಂದು ಕಾರಿನ ಕಿಟಕಿಗೆ ಮೂತಿ ಚಾಚುತ್ತ ಬರುತ್ತದೆ. ಅದಕ್ಕೆ ಏನನ್ನೂ ತಿನ್ನಿಸಬೇಡಿ, ದಯವಿಟ್ಟು. ಕಾಡಿನ ಪ್ರಾಣಿ ಭಿಕ್ಷೆಗೆ ನಿಂತದ್ದು ನಮ್ಮಂಥವರ ಕೈಯಿಂದಲೇ.

ಉಳಿಯುವುದು ಎಲ್ಲಿ? ಹೆಚ್ಚಿನವರು ನುವರ ಎಲಿಯದಲ್ಲಿ ಉಳಿಯುತ್ತಾರೆ, ಅಲ್ಲಿಂದ 32 ಕಿಲೋಮೀಟರ್. ನಮ್ಮ ಮತ ಹಪುತಲೆಗೆ. ಪೇಟೆ ಸಾಧಾರಣ, ಆದರೆ ಅದು ಘಟ್ಟದ ಅಂಚಿನ ಮೇಲೆಯೇ ಕೂತಿದೆ, ಎರಡೂ ಜಲಪಾತಗಳು ಅಲ್ಲಿಂದ ಹತ್ತಿರ. ಬೆಳಗ್ಗೆ ನಾಲ್ಕು ಗಂಟೆಗೆ ವ್ಯಾನ್ ಹತ್ತಿದರೆ ಓಹಿಯ ದಾರಿಯಾಗಿ ಗೇಟ್ ತೆರೆಯುವ ಹೊತ್ತಿಗೆ ಮೇಲಿರಬಹುದು. ಹಗಲಿನ ರೈಲು ನಂಬಿಕೊಂಡು ಅದೇ ದಿನ ಹಾರ್ಟನ್ ಪ್ಲೇನ್ಸ್ ನೋಡಲಾಗುವುದಿಲ್ಲ, ಓಹಿಯ ನಿಲ್ದಾಣದಿಂದಲೇ 11 ಕಿಲೋಮೀಟರ್ ಏರು. ವಿದೇಶಿಯರ ಪ್ರವೇಶ ಶುಲ್ಕ ಸ್ಥಳೀಯರದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅದರ ಮೇಲೆ ವಾಹನದ್ದು, ಸೇವಾ ಶುಲ್ಕ, ತೆರಿಗೆ. ಚಾಲಕ ಹೇಳುವ ಬಾಡಿಗೆಯಲ್ಲಿ ಇವು ಸೇರಿವೆಯೋ ಇಲ್ಲವೋ ಎಂದು ಹಿಂದಿನ ದಿನವೇ ಕೇಳಿಕೊಳ್ಳಿ. ತಮಿಳು ಬಂದರೆ ಇಲ್ಲಿ ಸಲೀಸು. ತೋಟಗಳಲ್ಲಿ ದುಡಿಯುವವರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಬಂದವರ ಮೊಮ್ಮಕ್ಕಳು, ಮರಿಮಕ್ಕಳು.

ಹಪುತಲೆಯ ಹತ್ತಿರ ಲಿಪ್ಟನ್ಸ್ ಸೀಟ್ ಎಂಬ ನೋಟದ ಜಾಗ ಇದೆ. ದಂಬತೆನ್ನ ಚಹಾ ಕಾರ್ಖಾನೆಯಿಂದ 7 ಕಿಲೋಮೀಟರ್ ಮೇಲೆ. ಆಟೋದಲ್ಲಿ ಹತ್ತಿ, ನಡೆದು ಇಳಿಯಿರಿ. ಚೆಂದವಿದೆ, ಆದರೆ ಅದು ತೋಟ. ಹಾರ್ಟನ್ ಪ್ಲೇನ್ಸ್‌ಗೆ ಬದಲಿಯಾಗಿ ಅದನ್ನು ಮಾರುವವರ ಮಾತು ಕೇಳಬೇಡಿ.

ಮೇಲಿನದ್ದು ಮುಗಿಸಿ ಮಧ್ಯಾಹ್ನ ಕೆಳಗಿಳಿದರೆ ಬಂಬರಕಂದ. ಬೆಲಿಹುಲ್‌ಓಯ ಕಡೆಗೆ ಹೋಗುವ ಮುಖ್ಯರಸ್ತೆಯಲ್ಲಿ ಕಲುಪಹನ ಎಂಬಲ್ಲಿ ತಿರುಗಿ, ಇಕ್ಕಟ್ಟಾದ ರಸ್ತೆಯಲ್ಲಿ ಏರಬೇಕು. ದೊಡ್ಡ ವ್ಯಾನಿಗೆ ಕಷ್ಟ, ಆಟೋ ಸಲೀಸು. ಶ್ರೀಲಂಕಾದ ಅತಿ ಎತ್ತರದ ಜಲಪಾತ ಇದು, 263 ಮೀಟರ್. ನಮ್ಮ ಜೋಗ 253. ಜೋಗದ ನೀರು, ಜೋಗದ ಅಬ್ಬರ ಇಲ್ಲಿ ಹುಡುಕಬೇಡಿ. ಬಂಡೆಯ ಮೈಗೆ ಅಂಟಿಕೊಂಡು ಇಳಿಯುವ ಒಂದು ಬಿಳಿ ಎಳೆ, ಅಷ್ಟೇ. ಬೆಳಗ್ಗೆ ನಿಂತಿದ್ದ ಗೋಡೆಯನ್ನು ಈಗ ಬುಡದಿಂದ ನೋಡುವುದೇ ಇಲ್ಲಿನ ದೊಡ್ಡ ಸುಖ. ಮೇಲೆ ಮೋಡ ಕವಿದಿದ್ದರೂ ಇಲ್ಲಿ ಸಾಮಾನ್ಯವಾಗಿ ತೆರಪು ಇರುತ್ತದೆ.

ಇಲ್ಲೊಂದು ತೊಡಕು ಇದೆ. ವರ್ಲ್ಡ್ಸ್ ಎಂಡ್‌ಗೆ ಒಣ ಹವೆ ಬೇಕು, ಜಲಪಾತಕ್ಕೆ ಮಳೆ ಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈ ಗೋಡೆಗೆ ಜೋರು ಮಳೆ, ಜಲಪಾತಗಳು ತುಂಬಿರುತ್ತವೆ, ನೋಟ ಮುಚ್ಚಿರುತ್ತದೆ. ಮಾರ್ಚ್‌ಗೆ ನೋಟ ತೆರೆದಿರುತ್ತದೆ, ಬಂಬರಕಂದ ದಾರದಷ್ಟಾಗಿರುತ್ತದೆ. ಎರಡನ್ನೂ ಹೊಂದಿಸಲು ಸಂಕ್ರಾಂತಿ ಕಳೆದ ಮೇಲಿನ ಮೂರ್ನಾಲ್ಕು ವಾರ ಸೂಕ್ತ. ದಸರಾ ರಜೆಗೆ ಹೋಗಬೇಡಿ ಎಂದು ಖಂಡಿತವಾಗಿ ಹೇಳುತ್ತೇವೆ. 2014ರ ಅಕ್ಟೋಬರ್ ಕೊನೆಯಲ್ಲಿ ಇದೇ ಘಟ್ಟದ ಕೊಸ್ಲಂದ ಬಳಿಯ ಮೀರಿಯಬೆದ್ದದಲ್ಲಿ ಗುಡ್ಡ ಕುಸಿದು ತೋಟ ಕಾರ್ಮಿಕರ ಲೈನ್ ಮನೆಗಳು ಹೂತುಹೋದವು. 2025ರ ನವೆಂಬರ್ ಕೊನೆಯ ದಿತ್ವಾ ಚಂಡಮಾರುತ ಇಡೀ ಬೆಟ್ಟದ ನಾಡಿನಲ್ಲಿ ರಸ್ತೆ, ರೈಲು ಹಳಿಗಳನ್ನು ಕೊಚ್ಚಿತು. ಹೊರಡುವ ಮುಂಚೆ ರೈಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಎಂದು ವಿಚಾರಿಸಿಕೊಳ್ಳಿ. ಏಪ್ರಿಲ್ 13, 14ರ ಆಸುಪಾಸು ಅಲ್ಲಿನವರ ಹೊಸವರ್ಷ. ಆಗ ನುವರ ಎಲಿಯದಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಪಟ್ಟಿಪೊಲ ಮತ್ತು ಓಹಿಯ ನಡುವೆ ರೈಲು ಘಟ್ಟದ ನೆತ್ತಿಯ ಸುರಂಗ ದಾಟುತ್ತದೆ. ಒಂದು ಬಾಯಲ್ಲಿ ಮಳೆ, ಇನ್ನೊಂದು ಬಾಯಲ್ಲಿ ಬಿಸಿಲು ಎಂಬುದು ಅಲ್ಲಿ ಪ್ರಸಿದ್ಧ. ಎರಡು ಮಾರುತಗಳ ನಡುವಿನ ಗಡಿ ಅದು. ರೈಲು ಓಡುತ್ತಿದ್ದರೆ ಆ ತುಣುಕಿಗಾಗಿಯಾದರೂ ಹತ್ತಿ, ಆದರೆ ಬಾಗಿಲಿಂದ ಹೊರಗೆ ಜೋತು ಫೋಟೋ ತೆಗೆಸಿಕೊಳ್ಳಬೇಡಿ.

ಕೊನೆಗೆ ದಿಯಲುಮ. ಬೆರಗಲದಿಂದ ವೆಲ್ಲವಾಯಕ್ಕೆ ಇಳಿಯುವ ರಸ್ತೆಯ ಪಕ್ಕದಲ್ಲೇ 220 ಮೀಟರ್ ಎತ್ತರದಿಂದ ಬೀಳುತ್ತದೆ. ಜನ ಈಗ ಹೆಚ್ಚಾಗಿ ಹೋಗುವುದು ಅದರ ನೆತ್ತಿಯ ಮೇಲಿನ ಹೊಂಡಗಳಿಗೆ. ಮೇಲಿನ ಪೂನಗಲ ರಸ್ತೆಯಿಂದ ಹುಲ್ಲಿನ ಇಳಿಜಾರಿನಲ್ಲಿ ನಡೆದು ತಲುಪಬೇಕು. ಮೇಲಿನ ಹೊಂಡಗಳಲ್ಲಿ ಕೂತು ಮೈ ನೆನೆಸಿಕೊಳ್ಳಿ. ಕೊನೆಯ ಅಂಚಿನ ಹೊಂಡಕ್ಕೆ ಇಳಿಯಲೇಬೇಡಿ, ಪಾಚಿಗಟ್ಟಿದ ಬಂಡೆಯಲ್ಲಿ ಕಾಲು ಜಾರಿದರೆ ಹಿಡಿದುಕೊಳ್ಳಲು ಏನೂ ಇಲ್ಲ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹಿಂದಿನ ಪೂನಗಲ ಬೆಟ್ಟದಲ್ಲಿ ಮಳೆ ಬಿದ್ದರೆ ಹೊಳೆ ಏರುತ್ತದೆ. ನೀರು ಕೆಂಪಾಗಿ ಕದಡಿತೇ, ತರಗೆಲೆ ಕಡ್ಡಿ ತೇಲಿ ಬಂತೇ, ಕೂತ ಬಂಡೆಯ ಒದ್ದೆ ಗೆರೆ ಮೇಲೇರಿತೇ, ಚಪ್ಪಲಿ ಹುಡುಕುತ್ತ ನಿಲ್ಲದೆ ದಡ ಹತ್ತಿ. ಎಂಟು ಗಂಟೆಗೆ ಹೋಗಿ ಹನ್ನೊಂದಕ್ಕೆ ಮೇಲೆ ಬನ್ನಿ, ಮಧ್ಯಾಹ್ನದ ಗುಡುಗು ಮಳೆಗೆ ಮುಂಚೆ.

ಅಲ್ಲಿಂದ ಮತ್ತೆ ಬೆಟ್ಟ ಹತ್ತಿ ಬಂದ ದಾರಿಯಲ್ಲೇ ಕೊಲಂಬೊಗೆ ಹೋಗುವ ಅಗತ್ಯವಿಲ್ಲ. ವೆಲ್ಲವಾಯಕ್ಕೆ ಇಳಿದು, ತನಮಲ್ವಿಲ ದಾರಿಯಾಗಿ ದಕ್ಷಿಣಕ್ಕೆ ಹೋದರೆ ಮತ್ತಲದ ಹತ್ತಿರ ಎಕ್ಸ್‌ಪ್ರೆಸ್‌ವೇ ಸಿಗುತ್ತದೆ, ಮುಂದೆ ಕೊಲಂಬೊವರೆಗೆ ತಿರುವುಗಳ ಕಾಟ ಇಲ್ಲ. ವೆಲ್ಲವಾಯದಲ್ಲಿ ಸ್ವೆಟರ್ ಬಿಚ್ಚಿ ಚೀಲಕ್ಕೆ ಹಾಕುವಾಗ ಒಮ್ಮೆ ಬಂದ ದಿಕ್ಕಿಗೆ ತಿರುಗಿ. ಮೋಡ ಇಲ್ಲದಿದ್ದರೆ ಇಡೀ ಘಟ್ಟ ಅಡ್ಡಡ್ಡ ಮಲಗಿರುವುದು ಅಲ್ಲಿಂದ ಕಾಣುತ್ತದೆ.